ಶಿಲುಬೆಯ ಬಲಿ: ಕೊಟ್ಟವರು ಯಾರು, ಯಾರಿಗಾಗಿ?

ಯೇಸು ಕ್ರಿಸ್ತನು ಯಾರು ಎಂಬ ಪ್ರಶ್ನೆಗೆ ಕ್ರೈಸ್ತ ಸಭೆ ತನ್ನ ಮೊದಲ ಐದು ಶತಮಾನಗಳಲ್ಲಿ ಒಂದೊಂದು ಪದವನ್ನೂ ತೂಗಿ ಉತ್ತರ ಬರೆಯಿತು. 325ರ ನೈಸಿಯ, 381ರ ಕಾನ್‌ಸ್ಟಾಂಟಿನೋಪಲ್ ಮತ್ತು 451ರ ಕಾಲ್ಸೆಡನ್ ಮಹಾಸಭೆಗಳ ನಿರ್ಣಯಗಳು ಸೇರಿ, ಆತನು ಪೂರ್ಣವಾಗಿ ದೇವರೂ ಹೌದು, ಪೂರ್ಣವಾಗಿ ಮನುಷ್ಯನೂ ಹೌದು ಎಂಬ ಬೋಧನೆಯನ್ನು ಗಟ್ಟಿಮಾಡಿದವು. ಆದರೆ ಆತನ ಸಾವು ಮನುಷ್ಯರ ಪಾಪವನ್ನು ಹೇಗೆ ಪರಿಹರಿಸುತ್ತದೆ ಎಂಬ ಪ್ರಶ್ನೆಗೆ ಅಂಥದೇ ಒಂದು ಅಧಿಕೃತ ವಿವರಣೆಯನ್ನು ಈ ಮಹಾಸಭೆಗಳು ಯಾವುವೂ ಕೊಡಲಿಲ್ಲ. ಭಾನುವಾರದ ಆರಾಧನೆಗಳಲ್ಲಿ ಇಂದಿಗೂ ಹೇಳುವ ನೈಸಿಯದ ವಿಶ್ವಾಸಪ್ರಮಾಣವು, ಆತನು ನಮಗೋಸ್ಕರ ಶಿಲುಬೆಗೆ ಹಾಕಲ್ಪಟ್ಟನು ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ. ಆ ‘ನಮಗೋಸ್ಕರ’ದ ಒಳಗೆ ಏನೇನು ಅಡಗಿದೆ ಎಂದು ಬಿಡಿಸಿ ಹೇಳುವ ಕೆಲಸ ಅಂದಿನಿಂದ ಇಂದಿನವರೆಗೂ ನಡೆದೇ ಇದೆ. ಕ್ರೈಸ್ತರೆಲ್ಲರೂ ಒಪ್ಪುವ ಸಂಗತಿ ಒಂದು, ಅದನ್ನು ವಿವರಿಸುವ ಬಗೆಗಳು ಹಲವು. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಗೊಂದಲದ ಬಹುಪಾಲು ತಾನಾಗಿ ತಿಳಿಯಾಗುತ್ತದೆ.

ಹೊರಗಿನವರಿಗೆ, ಎಷ್ಟೋ ಸಲ ಒಳಗಿನವರಿಗೂ, ಈ ಬೋಧನೆ ಕೇಳಿಸುವುದು ಹೀಗೆ: ದೇವರು ಮನುಷ್ಯರ ಮೇಲೆ ಕೋಪಗೊಂಡಿದ್ದನು, ಆ ಕೋಪ ತಣಿಯಲು ರಕ್ತ ಬೇಕಾಗಿತ್ತು, ನಿರಪರಾಧಿಯೊಬ್ಬನು ಮುಂದೆ ಬಂದು ಪೆಟ್ಟು ತಿಂದನು, ಅದರಿಂದ ದೇವರ ಮನಸ್ಸು ಬದಲಾಯಿತು. ಇಂಥ ಚಿತ್ರವನ್ನು ಕೆಲವು ಪ್ರಸಂಗಪೀಠಗಳೇ ಬಿತ್ತಿವೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಬೈಬಲಿನ ಹೊಸ ಒಡಂಬಡಿಕೆಯ ಬರಹಗಳು ಹೇಳುವ ದಿಕ್ಕು ಇದಕ್ಕೆ ತದ್ವಿರುದ್ಧ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ಆದಿ ಸಭೆಯ ಅಪೊಸ್ತಲನಾದ ಪೌಲನು, ದೇವರೇ ಕ್ರಿಸ್ತನಲ್ಲಿದ್ದುಕೊಂಡು ಲೋಕವನ್ನು ತನ್ನೊಡನೆ ಸಮಾಧಾನಪಡಿಸಿಕೊಳ್ಳುತ್ತಿದ್ದನು ಎನ್ನುತ್ತಾನೆ. ಮುನಿದ ದೇವರನ್ನು ಮನುಷ್ಯರು ಒಲಿಸಿಕೊಂಡರೆಂದು ಆತನು ಎಲ್ಲಿಯೂ ಬರೆಯುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕಾಲಕ್ರಮವನ್ನೂ ಸ್ಪಷ್ಟಪಡಿಸುತ್ತಾನೆ: ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತದ್ದರಲ್ಲಿ ದೇವರ ಪ್ರೀತಿ ಕಾಣಿಸಿತು. ಅಂದರೆ ಪ್ರೀತಿ ಮೊದಲು, ಬಲಿ ಆಮೇಲೆ. ಪ್ರೀತಿ ಬಲಿಯಿಂದ ಹುಟ್ಟಿದ್ದಲ್ಲ. ಬಲಿಯೇ ಪ್ರೀತಿಯಿಂದ ಹುಟ್ಟಿತು. ಕ್ರಿಸ್ತನ ಬಲಿಯ ಬಗ್ಗೆ ಬಂದ ವಿವರಣೆಗಳಲ್ಲಿ ಯಾವುದು ನಿಂತಿತು, ಯಾವುದು ಎಡವಿತು ಎಂದು ನೋಡುವಾಗ ಕೈಯಲ್ಲಿರಬೇಕಾದ ಅಳತೆಗೋಲು ಇದೇ ಎಂದು ನನಗನ್ನಿಸುತ್ತದೆ.

ಈ ಬಲಿಯ ಭಾಷೆ ಎಲ್ಲಿಂದ ಬಂತೆಂದು ತಿಳಿಯಲು ಹಳೆಯ ಒಡಂಬಡಿಕೆಯ ಯಾಜಕಕಾಂಡದ ಹದಿನಾರನೆಯ ಅಧ್ಯಾಯಕ್ಕೆ ಹೋಗಬೇಕು. ಇಸ್ರಾಯೇಲ್ಯರು ಏಳನೆಯ ತಿಂಗಳ ಹತ್ತನೆಯ ದಿನ ಆಚರಿಸಬೇಕಾದ ದೋಷಪರಿಹಾರಕ ದಿನದ ವಿಧಿ ಅಲ್ಲಿದೆ. ಮಹಾಯಾಜಕನು ಅಂದು ತನ್ನ ವೈಭವದ ಪೋಷಾಕನ್ನು ತೆಗೆದಿಟ್ಟು, ಸ್ನಾನಮಾಡಿ, ಸಾದಾ ನಾರುಬಟ್ಟೆ ತೊಡುತ್ತಾನೆ. ಆತನೂ ಪಾಪಿಯೇ ಆದ್ದರಿಂದ ಮೊದಲು ತನಗಾಗಿ ಮತ್ತು ತನ್ನ ಮನೆತನಕ್ಕಾಗಿ ಒಂದು ಹೋರಿಯನ್ನು ಸಮರ್ಪಿಸಬೇಕು. ಆಮೇಲೆ ಕೆಂಡ ತುಂಬಿದ ಧೂಪಾರತಿಯನ್ನೂ ಎರಡು ಹಿಡಿ ಧೂಪವನ್ನೂ ತೆಗೆದುಕೊಂಡು ತೆರೆಯ ಆಚೆಗಿನ ಮಹಾಪವಿತ್ರಸ್ಥಾನದೊಳಗೆ ಹೋಗುತ್ತಾನೆ. ಧೂಪದ ಹೊಗೆ ಒಡಂಬಡಿಕೆಯ ಮಂಜೂಷ ಎಂಬ ಪವಿತ್ರ ಪೆಟ್ಟಿಗೆಯ ಮೇಲಿನ ಮುಚ್ಚಳವಾದ ಕೃಪಾಸನವನ್ನು ಮುಚ್ಚದಿದ್ದರೆ ಆತನು ಸಾಯುವನೆಂಬ ಎಚ್ಚರಿಕೆ ವಿಧಿಯಲ್ಲೇ ಇದೆ. ಹೋರಿಯ ರಕ್ತವನ್ನು ಬೆರಳಿನಿಂದ ಕೃಪಾಸನದ ಮೇಲೂ ಅದರ ಮುಂದೆ ಏಳು ಸಲವೂ ಚಿಮುಕಿಸುತ್ತಾನೆ. ಜನರಿಗಾಗಿ ಎರಡು ಹೋತಗಳನ್ನು ನಿಲ್ಲಿಸಿ ಚೀಟು ಹಾಕಿರುತ್ತಾರೆ. ಯೆಹೋವನ ಪಾಲಿಗೆ ಬಂದ ಹೋತವನ್ನು ಕೊಯ್ದು ಅದರ ರಕ್ತವನ್ನು ಅದೇ ರೀತಿ ಒಳಗೆ ಒಯ್ಯುತ್ತಾನೆ. ಎರಡನೆಯದನ್ನು ಕೊಲ್ಲುವುದಿಲ್ಲ. ಮಹಾಯಾಜಕನು ಅದರ ತಲೆಯ ಮೇಲೆ ಎರಡು ಕೈಗಳನ್ನೂ ಊರಿ ಜನರ ಅಪರಾಧಗಳನ್ನೆಲ್ಲ ಅರಿಕೆಮಾಡುತ್ತಾನೆ. ಬಳಿಕ ನೇಮಕಗೊಂಡ ಮನುಷ್ಯನೊಬ್ಬನು ಅದನ್ನು ಜನವಸತಿಯಿಲ್ಲದ ಅಡವಿಗೆ, ಅಡವಿಯ ದುಷ್ಟಶಕ್ತಿಯೆಂದು ಹಲವರು ಅರ್ಥಮಾಡುವ ಅಜಾಜೇಲನ ಪಾಲಿಗೆ, ಅಟ್ಟಿಬರುತ್ತಾನೆ.

ಈ ವಿಧಿಯಲ್ಲಿ ಗಮನಿಸಬೇಕಾದ ವಿಚಿತ್ರ ಸಂಗತಿಯೆಂದರೆ, ಪಾಪಗಳನ್ನು ಹೊತ್ತು ಹೋಗುವ ಪ್ರಾಣಿ ಸಾಯುವುದಿಲ್ಲ, ಸಾಯುವ ಪ್ರಾಣಿಯ ಮೇಲೆ ಆ ಅರಿಕೆಯನ್ನು ಹೇರುವುದಿಲ್ಲ. ಸತ್ತ ಹೋತದ ರಕ್ತ ತೊಳೆಯುತ್ತದೆ. ಜೀವಂತ ಹೋತ ಹೊತ್ತೊಯ್ಯುತ್ತದೆ. ರಕ್ತ ತೊಳೆಯುವುದಾದರೂ ಏನನ್ನು? ಜನರ ಅಶುದ್ಧತೆಯ ನಡುವೆ ಇರುವ ಆರಾಧನೆಯ ಗುಡಾರವನ್ನೂ ಯಜ್ಞವೇದಿಯನ್ನೂ ಎಂದು ವಿಧಿ ಹೇಳುತ್ತದೆ. ಪಾಪವೆಂದರೆ ಕೇವಲ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ತಪ್ಪಲ್ಲ, ದೇವರು ವಾಸಿಸುವ ಜಾಗಕ್ಕೂ ಹತ್ತುವ ಮಲಿನತೆ ಎಂಬ ಗ್ರಹಿಕೆ ಇದರ ಹಿಂದಿದೆ. ಮುಂದಿನ ಅಧ್ಯಾಯ ಇನ್ನೊಂದು ಕೀಲಿಯನ್ನು ಕೊಡುತ್ತದೆ: ಪ್ರಾಣ ಇರುವುದು ರಕ್ತದಲ್ಲಿ, ಮತ್ತು ಆ ರಕ್ತವನ್ನು ಯಜ್ಞವೇದಿಯ ಮೇಲೆ ದೋಷಪರಿಹಾರಕ್ಕಾಗಿ ನಾನೇ ನಿಮಗೆ ಕೊಟ್ಟಿದ್ದೇನೆ ಎಂದು ದೇವರು ಹೇಳುತ್ತಾನೆ. ಪರಿಹಾರದ ದಾರಿಯನ್ನು ತೆರೆದವನು ದೇವರೇ ಎಂಬ ಮಾತು ಶಿಲುಬೆಗಿಂತ ಎಷ್ಟೋ ಮೊದಲೇ ಬಲಿಯ ನಿಯಮದೊಳಗೆ ಸೇರಿಕೊಂಡಿತ್ತು.

ಆ ವ್ಯವಸ್ಥೆಗೆ ತನ್ನ ಮಿತಿಗಳೂ ತಿಳಿದಿದ್ದವು. ಸಾಮಾನ್ಯ ಪಾಪಪರಿಹಾರಕ ಬಲಿಗಳು ಹೆಚ್ಚಾಗಿ ತಿಳಿಯದೆ ಮಾಡಿದ ತಪ್ಪುಗಳಿಗೆ ಸಂಬಂಧಿಸಿದ್ದವು. ಬೇಕೆಂದೇ, ದೇವರಿಗೆ ಎದುರುಬಿದ್ದು ಪಾಪ ಮಾಡಿದವನಿಗೆ ಅರಣ್ಯಕಾಂಡ ಬಲಿಯನ್ನು ಸೂಚಿಸದೆ ಬಹಿಷ್ಕಾರವನ್ನು ವಿಧಿಸುತ್ತದೆ. ಎರಡು ಪಾರಿವಾಳಗಳನ್ನೂ ತರಲಾಗದ ಬಡವನು ಏಫ ಎಂಬ ಅಳತೆಯ ಹತ್ತನೆಯ ಒಂದು ಪಾಲು ಹಿಟ್ಟನ್ನು ತಂದರೆ ಸಾಕಿತ್ತು. ಅಲ್ಲಿ ರಕ್ತವೇ ಇಲ್ಲ. ರಕ್ತವಿಲ್ಲದೆ ಕ್ಷಮೆಯೇ ಇಲ್ಲವೆಂಬ ಮಾತನ್ನು ಬಾಯಿಪಾಠ ಮಾಡಿಕೊಂಡವರು ಈ ವಿನಾಯಿತಿಯನ್ನು ಮರೆಯುತ್ತಾರೆ. ಆಮೋಸ, ಹೋಶೇಯ, ಮೀಕರಂಥ ಪ್ರವಾದಿಗಳಂತೂ ನ್ಯಾಯವನ್ನೂ ಕರುಣೆಯನ್ನೂ ಬಿಟ್ಟು ಬಲಿಯ ಹೊಗೆಯನ್ನು ಮಾತ್ರ ಎಬ್ಬಿಸುವುದು ದೇವರಿಗೆ ಅಸಹ್ಯವೆಂದು ಸಾರಿದರು.

ಯೇಸುವಿನ ಶಿಷ್ಯರು ಇಂಥ ಪರಂಪರೆಯ ಒಳಗೆ ಬೆಳೆದವರು. ರೋಮಿನ ಅಧಿಪತಿ ಪೊಂತ್ಯ ಪಿಲಾತನು ಯೂದಾಯವನ್ನು ಆಳುತ್ತಿದ್ದ 26ರಿಂದ 36ರ ನಡುವಿನ ಅವಧಿಯಲ್ಲಿ, ಯೆಹೂದ್ಯರ ಪಸ್ಕಹಬ್ಬದ ಸಮಯದಲ್ಲಿ, ತಮ್ಮ ಗುರು ಶಿಲುಬೆಯ ಮೇಲೆ ಸತ್ತಾಗ ಅವರಿಗೆ ಅದು ಬಲಿಯಾಗಿ ಕಾಣಿಸಲಿಲ್ಲ, ಸೋಲಾಗಿ ಕಾಣಿಸಿತು. ಶಿಲುಬೆ ಯಜ್ಞವೇದಿಯಲ್ಲ, ಗುಲಾಮರಿಗೂ ಬಂಡಾಯಗಾರರಿಗೂ ರೋಮ್ ಮೀಸಲಿಟ್ಟಿದ್ದ ಮರಣದಂಡನೆಯ ಸಾಧನ. ಅದನ್ನು ಬಲಿಯೆಂದು ಓದುವ ಸುಳಿವು ಅವರಿಗೆ ಸಿಕ್ಕಿದ್ದು ಯೇಸುವಿನ ಮಾತುಗಳಿಂದ, ಪುನರುತ್ಥಾನದ ವಿಶ್ವಾಸದಿಂದ. ಮಾರ್ಕನ ಸುವಾರ್ತೆಯಲ್ಲಿ ಯೇಸು, ತಾನು ಬಂದದ್ದು ಅನೇಕರ ಬಿಡುಗಡೆಗಾಗಿ ತನ್ನ ಪ್ರಾಣವನ್ನು ಈಡುಕೊಡಲು ಎನ್ನುತ್ತಾನೆ. ಮತ್ತಾಯನ ಸುವಾರ್ತೆಯ ಪ್ರಕಾರ, ಸಾಯುವ ಮುನ್ನ ಶಿಷ್ಯರೊಡನೆ ಮಾಡಿದ ಕಡೆಯ ಭೋಜನದಲ್ಲಿ ಪಾತ್ರೆಯನ್ನು ಕೈಗೆತ್ತಿಕೊಂಡು, ಇದು ಪಾಪಗಳ ಕ್ಷಮೆಗಾಗಿ ಸುರಿಸಲ್ಪಡುವ ಒಡಂಬಡಿಕೆಯ ರಕ್ತ ಎನ್ನುತ್ತಾನೆ. ಯೆಶಾಯನ ಪುಸ್ತಕದ ಐವತ್ತಮೂರನೆಯ ಅಧ್ಯಾಯದಲ್ಲಿ ಅನೇಕರ ದ್ರೋಹವನ್ನು ಹೊತ್ತು ಮೌನವಾಗಿ ವಧೆಗೆ ಹೋಗುವ ಸೇವಕನ ಚಿತ್ರ ಮೊದಲೇ ಇತ್ತು. ಕ್ರಿಸ್ತನು ನಮ್ಮ ಪಾಪಗಳ ನಿಮಿತ್ತ ಸತ್ತನೆಂಬ ಸಂದೇಶವನ್ನು ಪೌಲನು ಐವತ್ತರ ದಶಕದಲ್ಲಿ ಕೊರಿಂಥದವರಿಗೆ ನೆನಪಿಸುವಾಗ, ಇದು ತಾನು ಹುಟ್ಟಿಸಿದ್ದಲ್ಲ, ತನಗೂ ಒಪ್ಪಿಸಲ್ಪಟ್ಟದ್ದು ಎಂದು ಬರೆಯುತ್ತಾನೆ. ಸಿದ್ಧಾಂತಗಳು ಹುಟ್ಟುವುದಕ್ಕೆ ಬಹಳ ಮೊದಲೇ ಈ ಅರಿಕೆ ಬಾಯಿಂದ ಬಾಯಿಗೆ ಹರಿದಿತ್ತು.

ಬಲಿಯ ಹೋಲಿಕೆಯನ್ನು ಕಟ್ಟಕಡೆಯವರೆಗೆ ಹಿಡಿದು ವಿವರಿಸುವುದು ಇಬ್ರಿಯರಿಗೆ ಬರೆದ ಪತ್ರ. ಅದರ ಪ್ರಕಾರ ಯೇಸು ಬಲಿಯೂ ಹೌದು, ಬಲಿ ಅರ್ಪಿಸುವ ಮಹಾಯಾಜಕನೂ ಹೌದು. ಆರೋನನ ವಂಶದ ಯಾಜಕರು ಪ್ರತಿದಿನವೂ ನಿಂತುಕೊಂಡು ಅವೇ ಬಲಿಗಳನ್ನು ಮತ್ತೆ ಮತ್ತೆ ಸಮರ್ಪಿಸುತ್ತಾರೆ. ಈತನಾದರೋ ಒಂದೇ ಬಲಿಯನ್ನು ಅರ್ಪಿಸಿ ದೇವರ ಬಲಗಡೆಯಲ್ಲಿ ಕುಳಿತುಕೊಂಡನು. ಯಾಜಕ ಕುಳಿತನೆಂದರೆ ಕೆಲಸ ಮುಗಿದಿದೆ. ವರ್ಷವರ್ಷವೂ ಮರುಕಳಿಸುವ ಆಚರಣೆ ಪಾಪವನ್ನು ನೆನಪಿಗೆ ತರುತ್ತದೆಯೇ ಹೊರತು ತೆಗೆದುಹಾಕುವುದಿಲ್ಲ ಎಂಬುದು ಈ ಪತ್ರದ ವಾದ. ಯೇಸು ಪ್ರಾಣಬಿಟ್ಟಾಗ ದೇವಾಲಯದ ತೆರೆ ಮೇಲಿಂದ ಕೆಳಗಿನವರೆಗೆ ಹರಿಯಿತೆಂದು ಮಾರ್ಕನು ಬರೆದದ್ದೂ ಇದೇ ಅರ್ಥದ ಕಡೆಗೆ ಬೆರಳು ತೋರಿಸುತ್ತದೆ: ವರ್ಷಕ್ಕೊಂದು ದಿನ, ಒಬ್ಬನಿಗೆ ಮಾತ್ರ ತೆರೆದಿದ್ದ ಜಾಗದ ಅಡ್ಡಿ ಹೋಯಿತು. 70ರಲ್ಲಿ ರೋಮನ್ ಸೇನೆ ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಅಲ್ಲಿನ ಪ್ರಾಣಿಬಲಿ ನಿಂತುಹೋಯಿತು.

ಇನ್ನು ‘ಹೇಗೆ’ ಎಂಬ ಪ್ರಶ್ನೆ. ಆದಿ ಸಭೆಯ ಬಹುಪಾಲು ಆಚಾರ್ಯರಿಗೆ ಮನುಷ್ಯನ ಮುಖ್ಯ ಸಮಸ್ಯೆ ಸೆರೆಯಾಗಿ ಕಂಡಿತು: ಪಾಪ, ಮರಣ, ಸೈತಾನ ಎಂಬ ಯಜಮಾನರ ಕೈಯಲ್ಲಿ ಮಾನವಕುಲ ಗುಲಾಮಗಿರಿಯಲ್ಲಿದೆ, ಕ್ರಿಸ್ತನು ಅವರನ್ನು ಸೋಲಿಸಿ ಬಿಡಿಸುತ್ತಾನೆ. ಎರಡನೆಯ ಶತಮಾನದ ಐರೇನಿಯಸ್, ಆದಾಮನು ಕೆಡಿಸಿದ ಬಾಳನ್ನು ಕ್ರಿಸ್ತನು ಮೊದಲಿನಿಂದ ಮತ್ತೆ ಬಾಳಿ ಸರಿಪಡಿಸಿದನೆಂದನು. ನಾಲ್ಕನೆಯ ಶತಮಾನದ ಅಥನೇಷಿಯಸ್‌ನಿಗೆ ಮುಖ್ಯವಾದದ್ದು ಕೊಳೆಯುವ ಮಾನವ ಸ್ವಭಾವದೊಳಗೆ ದೇವರ ಜೀವ ಇಳಿದುಬಂದದ್ದು. ಆದರೆ ‘ಈಡು’ ಎಂಬ ಚಿತ್ರವನ್ನು ಅಕ್ಷರಶಃ ಎಳೆದವರು ತೊಡಕಿಗೆ ಸಿಕ್ಕಿದರು, ಏಕೆಂದರೆ ಈಡು ಕೊಡುವುದಾದರೆ ಯಾರಿಗೋ ಕೊಡಬೇಕು. ಸೈತಾನನಿಗೆ ಕೊಟ್ಟದ್ದು ಎಂದು ಕೆಲವರು ಹೇಳಿದರು; ನಿಸ್ಸದ ಗ್ರೆಗೊರಿಯಂತೂ ಕ್ರಿಸ್ತನ ಮಾನವದೇಹವನ್ನು ಎರೆಯೆಂದೂ ಒಳಗಿನ ದೈವತ್ವವನ್ನು ಗಾಳವೆಂದೂ ಚಿತ್ರಿಸಿ, ಸೈತಾನನು ನುಂಗಿ ಸಿಕ್ಕಿಬಿದ್ದನೆಂದನು. ಅವನ ಗೆಳೆಯ ನಾಜಿಯಾಂಜಸ್‌ನ ಗ್ರೆಗೊರಿಗೆ ಇದು ಸಹಿಸಲಿಲ್ಲ. ದರೋಡೆಕೋರನಿಗೆ ದೇವರನ್ನೇ ಬೆಲೆಯಾಗಿ ತೆರುವುದು ನಾಚಿಕೆಗೇಡು. ತಂದೆಗೆ ತೆತ್ತದ್ದೆನ್ನೋಣವೆಂದರೆ ನಾವು ತಂದೆಯ ಸೆರೆಯಲ್ಲಿ ಇರಲೇ ಇಲ್ಲವಲ್ಲ ಎಂದು ಕೇಳಿದನು. ಚಿತ್ರಗಳನ್ನು ಎಲ್ಲಿಯವರೆಗೆ ಎಳೆಯಬೇಕು ಎಂಬ ವಿವೇಕ ಆ ಪ್ರಶ್ನೆಯಲ್ಲಿದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಮರಣದ ಮೇಲಿನ ಈ ಜಯವನ್ನೇ ತಮ್ಮ ಬೋಧನೆಯ ನಡುವೆ ಇಟ್ಟುಕೊಂಡಿವೆ.

ಪಶ್ಚಿಮದಲ್ಲಿ ತಿರುವು ತಂದವನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್. ದೇವರು ಏಕೆ ಮನುಷ್ಯನಾದನು ಎಂಬ ಪ್ರಶ್ನೆಯನ್ನೇ ಹೆಸರಾಗಿ ಹೊತ್ತ, 1098ರಲ್ಲಿ ಮುಗಿದ ಅವನ ಗ್ರಂಥ ಬೋಸೊ ಎಂಬ ಶಿಷ್ಯನೊಡನೆ ನಡೆಯುವ ಸಂವಾದದ ರೂಪದಲ್ಲಿದೆ. ಅದರಲ್ಲಿ ಸೈತಾನನಿಗೆ ಯಾವ ಹಕ್ಕೂ ಇಲ್ಲ. ಪಶ್ಚಾತ್ತಾಪವೊಂದೇ ಪಾಪವನ್ನು ಅಳಿಸಲಾರದೇ ಎಂದು ಬೋಸೊ ಕೇಳಿದಾಗ, ಪಾಪದ ಭಾರವೆಷ್ಟೆಂದು ನೀನಿನ್ನೂ ಯೋಚಿಸಿಲ್ಲ ಎಂದು ಆನ್ಸೆಲ್ಮ್ ಉತ್ತರಿಸುತ್ತಾನೆ. ದೇವರು ಆ ಕಡೆ ನೋಡಬೇಡ ಎಂದಿರುವಾಗ, ಇಡೀ ಲೋಕ ಉಳಿಯುತ್ತದೆಂದರೂ ಆ ಕಡೆ ಒಂದು ಸಲ ಕಣ್ಣು ಹಾಯಿಸುವುದು ಸರಿಯೇ ಎಂದು ಕೇಳುತ್ತಾನೆ. ಸರಿಯಲ್ಲವೆಂದು ಬೋಸೊ ಒಪ್ಪಬೇಕಾಗುತ್ತದೆ. ಹಾಗಿದ್ದರೆ ಅತಿ ಸಣ್ಣ ಅವಿಧೇಯತೆಯೂ ಇಡೀ ಲೋಕಕ್ಕಿಂತ ಭಾರವಾದದ್ದು. ಈ ಸಾಲವನ್ನು ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು ಮಾತ್ರ. ಆದ್ದರಿಂದ ದೇವರೂ ಮನುಷ್ಯನೂ ಆದವನೇ ತೀರಿಸಬೇಕು. ಪಾಪವಿಲ್ಲದ ಕ್ರಿಸ್ತನು ಸಾಯಬೇಕಾದ ಹಂಗಿರಲಿಲ್ಲ. ಆದುದರಿಂದ ಆತನು ಸ್ವಇಚ್ಛೆಯಿಂದ ಕೊಟ್ಟ ಪ್ರಾಣ ಎಲ್ಲ ಸಾಲವನ್ನೂ ಮೀರಿದ ಕಾಣಿಕೆಯಾಯಿತು.

ಆನ್ಸೆಲ್ಮನಲ್ಲಿ ಕ್ರಿಸ್ತನು ಶಿಕ್ಷೆ ಅನುಭವಿಸುವುದಿಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಕಸಿದ ಗೌರವವನ್ನು ಮರಳಿ ಕೊಡುವುದು, ಇಲ್ಲವೇ ಶಿಕ್ಷೆ ಎಂಬ ಎರಡು ದಾರಿಗಳಲ್ಲಿ ಕ್ರಿಸ್ತನು ಮೊದಲನೆಯದನ್ನು ಪೂರೈಸಿ ಎರಡನೆಯದನ್ನು ತಪ್ಪಿಸುತ್ತಾನೆ. ಹದಿನಾರನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು ಇಲ್ಲಿಯೇ ದಾರಿ ಬದಲಿಸಿದರು: ಕ್ರಿಸ್ತನು ನಮ್ಮ ಶಿಕ್ಷೆಯನ್ನೇ ಹೊತ್ತನು ಎಂದರು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನು ನಮಗೋಸ್ಕರ ಶಾಪವಾದನೆಂಬ ಮಾತನ್ನು ವಿವರಿಸುತ್ತ ಲೂಥರ್, ಲೋಕದ ಎಲ್ಲ ಕಳ್ಳರ, ಕೊಲೆಗಾರರ ಪಾಪವನ್ನು ಮೈಮೇಲೆ ಹಾಕಿಕೊಂಡ ಕ್ರಿಸ್ತನು ಎಲ್ಲರಿಗಿಂತ ದೊಡ್ಡ ಪಾಪಿಯಾಗಿ ನಿಂತನು ಎನ್ನುವಷ್ಟು ದೂರ ಹೋದನು. ಕಾನೂನು ಓದಿದ್ದ ಕ್ಯಾಲ್ವಿನ್‌ನಿಗೆ ವಿಚಾರಣೆಯ ವಿವರವೇ ಮುಖ್ಯವಾಯಿತು. ಯೇಸುವನ್ನು ಕಳ್ಳರು ಕೊಂದಿದ್ದರೆ ಅಥವಾ ಗಲಭೆಯಲ್ಲಿ ಜನ ಬಡಿದುಹಾಕಿದ್ದರೆ ಆ ಸಾವು ನಮಗೆ ಪರಿಹಾರವಾಗುತ್ತಿರಲಿಲ್ಲ; ನ್ಯಾಯಾಧಿಪತಿಯ ಮುಂದೆ ಆರೋಪಿಯಾಗಿ ನಿಂತು, ನಿರಪರಾಧಿಯೆಂದು ಅದೇ ನ್ಯಾಯಾಧಿಪತಿಯ ಬಾಯಿಂದ ಹೇಳಿಸಿಕೊಂಡು, ಆದರೂ ದಂಡನೆಗೆ ಗುರಿಯಾದದ್ದರಲ್ಲಿ ನಮ್ಮ ಸ್ಥಾನದಲ್ಲಿ ಆತನು ನಿಂತದ್ದು ಕಾಣುತ್ತದೆ ಎಂದನು. ಅದೇ ಕ್ಯಾಲ್ವಿನ್, ತಂದೆ ತನ್ನ ಮಗನ ಮೇಲೆ ಎಂದಾದರೂ ದ್ವೇಷಗೊಂಡಿದ್ದನೆಂದು ನಾವು ಹೇಳುವುದಿಲ್ಲವೆಂದೂ ಸ್ಪಷ್ಟವಾಗಿ ಬರೆದಿದ್ದಾನೆ. ಅವನ ಹೆಸರಿನಲ್ಲಿ ಪ್ರಸಂಗ ಮಾಡುವವರಲ್ಲಿ ಕೆಲವರು ಈ ಎರಡನೆಯ ಮಾತನ್ನು ಕೈಬಿಟ್ಟು ಮೊದಲನೆಯದನ್ನು ಮಾತ್ರ ಎತ್ತಿಕೊಂಡದ್ದು ದುರದೃಷ್ಟ.

ಆಕ್ಷೇಪಗಳು ಹಳೆಯವು, ಹಗುರವಾದವೂ ಅಲ್ಲ. ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಎಂಥ ಕ್ರೌರ್ಯ ಎಂದು ಹನ್ನೆರಡನೆಯ ಶತಮಾನದಲ್ಲೇ ಫ್ರಾನ್ಸಿನ ದೇವಶಾಸ್ತ್ರಜ್ಞ ಅಬೆಲಾರ್ಡ್ ಕೇಳಿದನು. ಶಿಲುಬೆಯಲ್ಲಿ ಕಾಣುವ ಪ್ರೀತಿ ನಮ್ಮಲ್ಲಿ ಪ್ರೀತಿಯನ್ನು ಹೊತ್ತಿಸಿ ಪಾಪದ ಗುಲಾಮತನದಿಂದ ಬಿಡಿಸುತ್ತದೆ ಎಂಬುದಕ್ಕೆ ಒತ್ತುಕೊಟ್ಟನು. 1594ರಲ್ಲಿ ಪ್ರಕಟವಾದ ಕೃತಿಯೊಂದರಲ್ಲಿ ಇಟಲಿಯ ಚಿಂತಕ ಸೊಸೀನಸ್, ಸಾಲ ಪೂರ್ತಿ ಸಂದಾಯವಾಗಿದ್ದರೆ ಅದನ್ನು ಕ್ಷಮೆ ಎನ್ನುವುದು ಹೇಗೆ ಎಂದು ವಾದಿಸಿದನು. ಹಣದ ಸಾಲವನ್ನು ಬೇರೊಬ್ಬನು ತೀರಿಸಬಹುದು, ನೈತಿಕ ಅಪರಾಧವನ್ನು ಹಾಗೆ ವರ್ಗಾಯಿಸಲಾಗದು ಎಂದು 1793ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಹೇಳಿದನು. ತಂದೆಯ ಅಪರಾಧವನ್ನು ಮಗ ಹೊರಬಾರದು ಎಂದು ಯೆಹೆಜ್ಕೇಲನ ಪ್ರವಾದನೆಯೂ ಹೇಳುತ್ತದೆಯಲ್ಲ?

ಕ್ರೈಸ್ತ ಚಿಂತನೆಯ ಉತ್ತರ ಎರಡು ನೆಲೆಗಳಲ್ಲಿದೆ. ಮೊದಲನೆಯದು, ಇಲ್ಲಿ ಮೂರು ಬೇರೆಬೇರೆ ಪಕ್ಷಗಳಿಲ್ಲ. ದೇವರು, ಪಾಪಿ, ಮತ್ತು ನಡುವೆ ಸಿಕ್ಕ ಯಾವನೋ ನಿರಪರಾಧಿ ಎಂದು ಎಣಿಸಿದರೆ ಅನ್ಯಾಯ ತಪ್ಪದು. ಆದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿಯೇಕತ್ವದ ನಂಬಿಕೆಯ ಪ್ರಕಾರ ಶಿಲುಬೆಯ ಮೇಲಿರುವವನು ದೇವರೇ. ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಾನಾಗಿಯೇ ಕೊಡುತ್ತೇನೆ ಎಂದು ಯೋಹಾನನ ಸುವಾರ್ತೆಯಲ್ಲಿ ಯೇಸು ಹೇಳುತ್ತಾನೆ. ಸಾಲ ಕೊಟ್ಟವನು ಸಾಲವನ್ನು ಮನ್ನಾ ಮಾಡಿದಾಗ ನಷ್ಟ ಗಾಳಿಯಲ್ಲಿ ಕರಗುವುದಿಲ್ಲ, ಅದು ಅವನ ಮೇಲೆಯೇ ಬೀಳುತ್ತದೆ. ಮನ್ನಾ ಮಾಡುವುದೆಂದರೆ ನಷ್ಟವನ್ನು ತಾನೇ ಹೊರುವುದು. ಸೊಸೀನಸ್‌ನ ತರ್ಕ ತಪ್ಪುವುದು ಇಲ್ಲಿ: ಬೆಲೆ ತೆತ್ತವನೂ ಕ್ಷಮಿಸುವವನೂ ಒಬ್ಬನೇ ಆಗಿರುವಾಗ ಸಂದಾಯವೂ ಕ್ಷಮೆಯೂ ಒಂದನ್ನೊಂದು ಅಳಿಸುವುದಿಲ್ಲ. ಎರಡನೆಯ ನೆಲೆ ಐಕ್ಯದ್ದು. ಆದಾಮನಲ್ಲಿ ಎಲ್ಲರೂ ಬಿದ್ದಂತೆ ಕ್ರಿಸ್ತನಲ್ಲಿ ಹೊಸ ಮಾನವಕುಲ ಆರಂಭವಾಗುತ್ತದೆ ಎಂದು ಪೌಲನು ಹೇಳುವಾಗ ಕ್ರಿಸ್ತನು ನಮಗೆ ಸಂಬಂಧವಿಲ್ಲದ ಹೊರಗಿನವನಲ್ಲ. ದೀಕ್ಷಾಸ್ನಾನದಲ್ಲಿ ವಿಶ್ವಾಸಿ ಆತನ ಸಾವಿನೊಳಗೇ ಸೇರುತ್ತಾನೆ. ಇದರಿಂದ ಕಾಂಟ್‌ನ ಪ್ರಶ್ನೆ ಪೂರ್ತಿ ಬಗೆಹರಿಯಿತೆಂದು ನಾನು ಹೇಳಲಾರೆ, ಆದರೆ ಅದು ಒಂಟಿ ವ್ಯಕ್ತಿಗಳ ಲೆಕ್ಕಾಚಾರವೊಂದನ್ನೇ ಊಹಿಸಿಕೊಂಡಿದೆ ಎಂಬುದಂತೂ ನಿಜ.

ಇದೇ ಕಾರಣಕ್ಕೆ ಪುನರುತ್ಥಾನವನ್ನು ಬಿಟ್ಟು ಶಿಲುಬೆಯನ್ನು ಮಾತ್ರ ವಿವರಿಸಲು ಹೊರಟ ಸಿದ್ಧಾಂತ ಕುಂಟುತ್ತದೆ. ಕ್ರಿಸ್ತನು ಎಬ್ಬಿಸಲ್ಪಡದಿದ್ದರೆ ನೀವು ಇನ್ನೂ ನಿಮ್ಮ ಪಾಪಗಳಲ್ಲೇ ಇದ್ದೀರಿ ಎಂದು ಪೌಲನು ಕೊರಿಂಥದವರಿಗೆ ಬರೆದನು. ಶಿಲುಬೆ ಸಾಲ ತೀರಿಸುವ ವ್ಯವಹಾರ ಮಾತ್ರವಾಗಿದ್ದರೆ, ಸಂದಾಯವಾದ ಮೇಲೆ ಪುನರುತ್ಥಾನದ ಅಗತ್ಯವೇ ಇರುತ್ತಿರಲಿಲ್ಲ.

ಒಪ್ಪದೆ ಉಳಿದ ಸಂಗತಿಗಳೂ ಇವೆ. ಕ್ರಿಸ್ತನು ಎಲ್ಲರಿಗಾಗಿ ಸತ್ತನೋ, ರಕ್ಷಣೆಗೆಂದು ದೇವರಿಂದ ಆಯ್ಕೆಯಾದವರಿಗಾಗಿಯೋ ಎಂಬ ಜಗಳದಲ್ಲಿ, ಕ್ಯಾಲ್ವಿನ್‌ನ ದಾರಿ ಹಿಡಿದ ಸುಧಾರಿತ ಸಭೆಗಳವರು ನೆದರ್‌ಲ್ಯಾಂಡ್ಸ್‌ನಲ್ಲಿ ಸೇರಿದ 1618–19ರ ಡಾರ್ಟ್ ಸಭೆ, ಆ ಸಾವಿನ ಬೆಲೆ ಇಡೀ ಲೋಕದ ಪಾಪಕ್ಕೆ ಸಾಕಾಗುವಷ್ಟು ಅಪಾರವಾದರೂ ಅದರ ರಕ್ಷಿಸುವ ಫಲ ಸಲ್ಲುವುದು ಆಯ್ಕೆಯಾದವರಿಗೆ ಎಂದು ತೀರ್ಮಾನಿಸಿತು. ಕಥೋಲಿಕರೂ ಆರ್ಥೊಡಾಕ್ಸರೂ ಮೆಥಡಿಸ್ಟರೂ ಇದನ್ನು ಒಪ್ಪುವುದಿಲ್ಲ. ಇದಕ್ಕಿಂತ ದಿನನಿತ್ಯದ ಆರಾಧನೆಗೆ ಹತ್ತಿರವಾದದ್ದು, ಯೇಸುವಿನ ಕಡೆಯ ಭೋಜನವನ್ನು ನೆನೆದು ರೊಟ್ಟಿ, ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಪ್ರಭುಭೋಜನದ ಪ್ರಶ್ನೆ. ಬಲಿ ಒಂದೇ ಸಲ ನಡೆಯಿತೆಂದಾದರೆ ಕಥೋಲಿಕರು ತಾವು ಪೂಜೆಯೆನ್ನುವ ಈ ಆಚರಣೆಯನ್ನು ಬಲಿಯೆಂದು ಕರೆಯುವುದು ಹೇಗೆ? 1562ರಲ್ಲಿ ಟ್ರೆಂಟ್ ಮಹಾಸಭೆ ಕೊಟ್ಟ ಉತ್ತರವೆಂದರೆ, ಶಿಲುಬೆಯ ಮೇಲೆ ತನ್ನನ್ನು ಅರ್ಪಿಸಿದ ಅದೇ ಕ್ರಿಸ್ತನು ಬಲಿಪೀಠದ ಮೇಲೆ ರಕ್ತವಿಲ್ಲದ ರೀತಿಯಲ್ಲಿ ಅರ್ಪಿತನಾಗುತ್ತಾನೆ. ಬೇರೆಯಾಗಿರುವುದು ಅರ್ಪಣೆಯ ರೀತಿ ಮಾತ್ರ. ಮರುವರ್ಷವೇ ಪ್ರಕಟವಾದ ಸುಧಾರಿತ ಸಭೆಗಳ ಹೈಡೆಲ್‌ಬರ್ಗ್ ಪ್ರಶ್ನೋತ್ತರಮಾಲೆಯ ನಂತರದ ಆವೃತ್ತಿಗಳು ಇದನ್ನು ಯೇಸುವಿನ ಏಕೈಕ ಬಲಿಯ ನಿರಾಕರಣೆಯೆಂದು ಕಟುವಾಗಿ ಖಂಡಿಸಿದವು. 1982ರಲ್ಲಿ ಪೆರುವಿನ ಲೀಮಾದಲ್ಲಿ ಸೇರಿದ ಸಭೆಗಳ ವಿಶ್ವ ಮಂಡಳಿಯ ಆಯೋಗದಲ್ಲಿ ಕಥೋಲಿಕ ದೇವಶಾಸ್ತ್ರಜ್ಞರೂ ಇದ್ದರು. ಪ್ರಭುಭೋಜನವು ಶಿಲುಬೆಗೇರಿ ಎದ್ದುಬಂದ ಕ್ರಿಸ್ತನ ಸ್ಮರಣೆ, ಒಮ್ಮೆ ಮಾತ್ರ ನಡೆದು ಇಂದಿಗೂ ಫಲಕೊಡುವ ಆತನ ಬಲಿಯ ಜೀವಂತ ಗುರುತು ಎಂಬ ಮಾತಿಗೆ ಅಲ್ಲಿ ಎಲ್ಲರೂ ಬಂದರು. ಆದರೂ ಆ ಒಂದೇ ಮೇಜಿನ ಸುತ್ತ ಕುಳಿತು ರೊಟ್ಟಿಯನ್ನು ಹಂಚಿಕೊಳ್ಳಲು ಕಥೋಲಿಕ ಮತ್ತು ಪ್ರೊಟೆಸ್ಟಂಟ್ ಸಭೆಗಳಿಗೆ ಇನ್ನೂ ಸಾಧ್ಯವಾಗಿಲ್ಲ.